ತೊಟ್ಟಿಲ ಪಕ್ಕದ ಬಿಳಿ ಕೋಟು

ಲ್ಯಾಬಿನ ಕೋಟು ಲ್ಯಾಬಿನ ಹೊಸ್ತಿಲು ದಾಟಬಾರದೆಂದು ಶಿರಸಿಯ ಫಾರ್ಮಸಿ ಕಾಲೇಜಿನಲ್ಲಿ ಮೇಡಂ ಮೊದಲ ದಿನವೇ ಹೇಳಿದ್ದರು. ಆದರೆ ಯಲ್ಲಾಪುರದಲ್ಲಿ ರಹಿಮತ್‌ಬಿ ಕೇಳಬೇಕಲ್ಲ! ಅವರ ಮನೆಗೆ ಅದು ಮೊದಲ ಬಿಳಿ ಕೋಟು. ಮಗಳು ಅಫ್ಸಾನಾ ಅದನ್ನು ತೊಟ್ಟು ಬಸ್ಸಿಳಿಯುವುದನ್ನು ಓಣಿಯವರೆಲ್ಲ ನೋಡಬೇಕಿತ್ತು. ಅವಳಿಗೂ ಒಳಗೊಳಗೇ ಅದೇ ಆಸೆ. ಶನಿವಾರ ಕೋಟಿನಲ್ಲೇ ಬಂದವಳು, ಬಾಣಂತನಕ್ಕೆ ಬಂದಿದ್ದ ಅಕ್ಕ ಫಿರ್ದೌಸಳ ಕೂಸನ್ನು ಹಾಗೇ ತೋಳಮೇಲೆ ಮಲಗಿಸಿಕೊಂಡು ಮುದ್ದಾಡಿದಳು. ಬಂದವರ ಕಣ್ಣಿಗೆ ಬೀಳಲೆಂದು ರಹಿಮತ್‌ಬಿ ಕೋಟನ್ನು ತೊಟ್ಟಿಲ ಪಕ್ಕದ ಮೊಳೆಗೇ ತೂಗುಹಾಕಿದಳು.

ಮರುದಿನ ಕೂಸಿನ ಅಪ್ಪ ಶಾಕಿರ್ ಲಾರಿಯಿಂದ ಇಳಿದವನೇ ಬಂದು ಮಗಳ ಕೆನ್ನೆ ಮುಟ್ಟಿದ. ಅಫ್ಸಾನಾ ನೆಂಟರ ಮುಂದೆಯೇ ತಡೆದಳು.

"ಭಾವ, ಆ ಕೈಯಲ್ಲಿ ಎಷ್ಟು ಕ್ರಿಮಿ ಇದೆ ಗೊತ್ತುಂಟಾ?"

"ಸರಿ ಡಾಕ್ಟ್ರೇ," ಎಂದು ಅವನು ಎಲ್ಲರ ಜೊತೆ ತಾನೂ ನಕ್ಕು, ಕೈ ಹಿಂದಕ್ಕೆ ಕಟ್ಟಿಕೊಂಡ.

ಕೆಲವೇ ದಿನಗಳಲ್ಲಿ ಕೂಸಿನ ಕುತ್ತಿಗೆಯ ಮಡಿಕೆಯಲ್ಲಿ ಕೀವುಗುಳ್ಳೆ ಎದ್ದವು. ಡಾಕ್ಟರು ಮುಲಾಮು ಕೊಟ್ಟು, ಹೆದರುವಂಥದ್ದಲ್ಲ, ಮಾಯುತ್ತದೆ ಎಂದರು. ಆದರೆ ಮನೆಯಲ್ಲಿ ತೀರ್ಪಾಗಿಹೋಗಿತ್ತು: ಲಾರಿಯವನ ಕೈ. ಶಾಕಿರ್ ಬಾಗಿಲಲ್ಲೇ ನಿಂತು ಮಗಳನ್ನು ನೋಡಿ ಹೋಗತೊಡಗಿದ.

ಕೋಟಿನೊಡನೆ ಕಾಲೇಜಿಗೆ ಮರಳಿದ್ದ ಅಫ್ಸಾನಾಳಿಗೆ ಇದೆಲ್ಲ ಫೋನಿನಲ್ಲಿ ತಿಳಿಯಿತು. ಅದೇ ವಾರ ಮೇಡಂ ಪ್ರತಿಯೊಬ್ಬರ ಕೋಟಿನ ತೋಳಂಚನ್ನು, ಕ್ರಿಮಿ ಬೆಳೆಸುವ ಜೆಲ್ಲಿಯ ತಟ್ಟೆಗೆ ಒತ್ತಿಸಿದರು. ಮರುದಿನ ಅಫ್ಸಾನಾಳ ತಟ್ಟೆಯ ತುಂಬ ಹೊಂಬಣ್ಣದ ಚುಕ್ಕೆ. ನಮ್ಮ ಮೂಗಿನಲ್ಲಿ, ಚರ್ಮದಲ್ಲಿ ಈ ಕ್ರಿಮಿ ಸುಮ್ಮನಿರಬಹುದು, ಎಳೆಗೂಸಿನ ಚರ್ಮಕ್ಕೆ ಸಿಕ್ಕರೆ ಕೀವು ಮಾಡೀತು ಎಂದರು ಮೇಡಂ. ಕೂಸಿನ ಕುತ್ತಿಗೆ ಒರಗಿದ್ದದ್ದು ಅದೇ ತೋಳಿನ ಮೇಲೆ. ಯಾರದೋ ಮನೆಯ ಕೂಸಿನ ಸುದ್ದಿಯೆಂಬಂತೆ ಅವಳು ಮೇಡಂ ಅವರನ್ನು ವಿಚಾರಿಸಿದಳು. ಯಾರಿಂದ ಬಂತೆಂದು ಖಚಿತವಾಗಿ ಹೇಳಲಾಗದು ಎಂದರು ಅವರು. ಆ ಒಂದು ಮಾತನ್ನೇ ಬಿಗಿಯಾಗಿ ಹಿಡಿದುಕೊಂಡು ಊರಿನ ಬಸ್ಸು ಹತ್ತಿದಳು.

ಮನೆ ಮುಟ್ಟಿದಾಗ ಶಾಕಿರ್ ಬಾಗಿಲಾಚೆಯಿಂದ ಗಿಲಕಿಯೊಂದನ್ನು ಒಳಗೆ ಚಾಚಿದ್ದ. ರಹಿಮತ್‌ಬಿ ಅದನ್ನು ಸೆರಗಿನ ತುದಿಯಲ್ಲಿ ಹಿಡಿದು ತೆಗೆದುಕೊಂಡಳು. ಅಫ್ಸಾನಾಳಿಗೆ ಅದನ್ನು ನೋಡಲಾಗಲಿಲ್ಲ. ತಟ್ಟೆಯ ವಿಷಯ, ತೋಳಿನ ವಿಷಯ ಎಲ್ಲ ಹೇಳಿಬಿಟ್ಟಳು.

"ಬಿಳೀ ಕೋಟಲ್ಲಿ ಎಂತ ಕೊಳೆ ಇರ್ತದೆ?" ಎಂದಳು ತಾಯಿ. ಫಿರ್ದೌಸ್ ಎದ್ದು, ತಂಗಿಯ ಚೀಲದಿಂದ ಕೋಟನ್ನು ತೆಗೆದು ಬಚ್ಚಲಿಗೆ ಒಯ್ದಳು.

ಶಾಕಿರ್ ಬೈಯಲಿಲ್ಲ. ಅವಳ ಹಿಂದೆಯೇ ಬಚ್ಚಲಿಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು ಬಂದ. ನೀರಿಳಿಯುವ ಎರಡೂ ಅಂಗೈಗಳನ್ನು ನಾದಿನಿಯ ಮುಂದೆ ಹಿಡಿದ.

"ನೋಡಿ ಹೇಳು. ಈಗ ಎತ್ಕೊಳ್ಳಬಹುದಾ?"

ಅವನ ದನಿಯಲ್ಲಿ ಚೇಷ್ಟೆ ಇರಲಿಲ್ಲ. ಇದ್ದಿದ್ದರೆ ಅಫ್ಸಾನಾ ತಲೆಯೆತ್ತಿ ಹ್ಞೂಂ ಅನ್ನಬಹುದಿತ್ತು.