ಜೋಸೆಫರ ಕ್ಯಾಮೆರಾ

ಕೇರಳದಲ್ಲಿ ನನಗೊಂದು ತವರುಮನೆ ಇತ್ತು. ಹುಟ್ಟಿದ ಮನೆ ಮೈಸೂರಿನಲ್ಲಿದೆ, ಅದು ಬೇರೆ. ನಾನು ಹೇಳುತ್ತಿರುವುದು ಸುಧನ್ವ ಮತ್ತು ಅವನ ಹೆಂಡತಿ ನಿಶಾ ಇದ್ದ ಮನೆ. ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ, ಮಲಯಾಳದ ಗಂಧಗಾಳಿ ಇಲ್ಲದೆ ನಾನು ಕೊಚ್ಚಿಯ ಕಾಕ್ಕನಾಡ್ ಶಾಖೆಗೆ ಬಂದು ಬಿದ್ದಾಗ, ಅದೇ ದಿನ ಸೇರಿದ ಇನ್ನೊಬ್ಬ ಕನ್ನಡದವನು ಸುಧನ್ವ. ಬಾಡಿಗೆ ಫ್ಲ್ಯಾಟ್ ಸಿಗುವವರೆಗೆ ಅವರ ಮನೆಯ ಹಾಲ್‌ನಲ್ಲೇ ಮಲಗಿದ್ದೆ. ಕಾಮಾಲೆ ಬಂದಾಗ ನಿಶಾ ಗಂಜಿ ಕಾಯಿಸಿ ಕುಡಿಸಿದ್ದಳು. ಅವರ ಮನೆಯಿಂದ ಹೊರಡುವಾಗ ಪ್ರತಿ ಸಲವೂ ಹಣೆಗೆ ಕುಂಕುಮ ಇಟ್ಟೇ ಕಳಿಸುತ್ತಿದ್ದಳು. ಒಮ್ಮೆ ಅವಸರದಲ್ಲಿ ನಾನು "ಹೋಗ್ತೀನಿ" ಅಂದುಬಿಟ್ಟಿದ್ದಕ್ಕೆ ಸುಧನ್ವ ಮೆಟ್ಟಿಲಿಂದ ವಾಪಸ್ ಕರೆದು, ಕೂರಿಸಿ, ನೀರು ಕುಡಿಸಿ, "ಬರ್ತೀನಿ" ಅನ್ನಿಸಿಯೇ ಬಿಟ್ಟಿದ್ದ. ಅವನಿಗೆ ತಿರುವನಂತಪುರಕ್ಕೆ ವರ್ಗವಾದಾಗ ನಾನು ಬ್ರಾಂಚಿನ ಬಾತ್‌ರೂಮಿನಲ್ಲಿ ನಿಂತು ಅತ್ತಿದ್ದೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಒಂದು ಹಳೆ ಕ್ಯಾಮೆರಾಕ್ಕೆ ಇಷ್ಟೊಂದು ರಂಪ ಯಾಕಮ್ಮಾ ಎಂದು ಕೇಳುತ್ತೀರಿ.

ಬ್ಯಾಂಕಿನಲ್ಲಿ ನನ್ನದು ಸಾಲದ ವಿಭಾಗ. ಸಾಲ ಕೇಳಿದವರ ಅಂಗಡಿ, ಮನೆ, ಯಂತ್ರ ಯಾವುದನ್ನೂ ಕಣ್ಣಾರೆ ನೋಡದೆ ನಾನು ಸಹಿ ಹಾಕುವವಳಲ್ಲ. ಕೋಕಿಲಾ ಮೇಡಂ ತಪಾಸಣೆಗೆ ಬಂದರೆ ಗೋಡೆಯೂ ಬೆವರುತ್ತದೆ ಎಂದು ಬ್ರಾಂಚಿನಲ್ಲಿ ನಗುತ್ತಾರೆ. ನಗಲಿ. ಬಿಡುವಿದ್ದಾಗ ಫೋಟೋ ತೆಗೆಯುವ ಹುಚ್ಚು ನನಗೆ. ಇಲ್ಲಿಗೆ ಬಂದು ದುಡಿಯುತ್ತಿರುವ ನಮ್ಮ ಕಡೆಯವರನ್ನು ಅವರವರ ಕೆಲಸದ ಜಾಗದಲ್ಲೇ ತೆಗೆಯಬೇಕು, ರಾಜ್ಯೋತ್ಸವದ ದಿನ ಕನ್ನಡ ಸಂಘದ ಹಾಲ್‌ನಲ್ಲಿ ಸಾಲಾಗಿ ಹಾಕಬೇಕು ಎಂದು ಆಸೆ. ಫೋನಿನಲ್ಲಿ ತೆಗೆದದ್ದು ದೊಡ್ಡದಾಗಿ ಅಚ್ಚು ಹಾಕಿಸಿದರೆ ಚೆನ್ನಾಗಿ ಬರುವುದಿಲ್ಲ. ಅದಕ್ಕೆ ಹಳೆ ಕ್ಯಾಮೆರಾ ಮಾರುವ ಆ್ಯಪ್‌ಗಳನ್ನು ಜಾಲಾಡತೊಡಗಿದೆ.

ಅಲ್ಲಿನ ಭಾಷೆಯನ್ನು ಕಲಿಯುವುದು ಮಲಯಾಳಕ್ಕಿಂತ ಕಷ್ಟ. 'ಲೈಕ್ ನ್ಯೂ' ಎಂದರೆ ಕೆಳಗೆ ಬಿದ್ದಿದೆ, ಆದರೆ ಒಂದೇ ಸಲ. 'ಅಪರೂಪಕ್ಕೆ ಬಳಸಿದ್ದು' ಎಂದರೆ ಮದುವೆ ಸೀಸನ್ನಿನಲ್ಲಿ ಅರೆದು ಹಾಕಿದ್ದು. 'ಚೂರು ಧೂಳಿದೆ' ಎಂದರೆ ಬೂಷ್ಟು. ಚಪ್ಪಲಿ, ಬೆಲ್ಟು ಕಪಾಟಿನಲ್ಲಿದ್ದಲ್ಲೇ ಬೂಷ್ಟು ಹಿಡಿಯುವ ಊರಿದು. ಲೆನ್ಸ್ ಬಿಟ್ಟೀತೇ? ಗಾಜಿನೊಳಗೆ ಜೇಡರ ಬಲೆಯ ಹಾಗೆ ಹಬ್ಬಿಕೊಳ್ಳುತ್ತದೆ. ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ, ಟಾರ್ಚ್ ಬಿಟ್ಟು ನೋಡಬೇಕು. ಹಾಗಾಗಿ ಯಾರೇ ಮಾರಲಿ, ಟಾರ್ಚ್ ಬಿಟ್ಟು ವಿಡಿಯೋ ಕಳಿಸಿ ಎನ್ನುತ್ತಿದ್ದೆ. ಅರ್ಧ ಜನ ಅಷ್ಟಕ್ಕೇ ಕಾಲುಕಿತ್ತರು.

ಆಗ ಕಣ್ಣಿಗೆ ಬಿದ್ದದ್ದು ತಿರುವನಂತಪುರದ ಒಂದು ಕ್ಯಾಮೆರಾ. ಮಾರುವವರ ಮುಖವಿಲ್ಲ, ಹೆಸರಿಲ್ಲ, ಬರೀ 'ಅನಂತ ಕ್ಲಿಕ್ಸ್' ಎಂದಿತ್ತು. ಕೆಂಪು ಕಾವಿ ನೆಲದ ಮೇಲೆ ಕ್ಯಾಮೆರಾ ಇಟ್ಟು, ಕಿಟಕಿಯ ಬಿಸಿಲಲ್ಲಿ ತೆಗೆದ ಫೋಟೋಗಳು. ಕಿಟಕಿಯ ಕಂಬಿಯಲ್ಲಿ ಎರಡು ನವಿಲಿರಬೇಕು, ಅವುಗಳ ನೆರಳು ಕ್ಯಾಮೆರಾದ ಪಕ್ಕಕ್ಕೆ ಬಿದ್ದಿತ್ತು. ಒಂದು ನವಿಲಿಗೆ ಕೊಕ್ಕಿರಲಿಲ್ಲ. ಕೊಕ್ಕಿಲ್ಲದ ನವಿಲನ್ನು ನೋಡಿ ನನಗೆ ನಗು ಬಂದಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದರು: ಮನೆಯಲ್ಲಿ ಮಾತ್ರ ಬಳಸಿದ್ದು, ಲೆನ್ಸ್‌ನಲ್ಲಿ ಚೂರು ಧೂಳಿದೆ, ಚಿತ್ರಕ್ಕೆ ಏನೂ ಆಗದು, ಮನಸ್ಸಿಲ್ಲದ ಮನಸ್ಸಿನಿಂದ ಮಾರುತ್ತಿದ್ದೇನೆ. ಆ ಕೊನೆಯ ಮಾತಿಗೆ ನಾನು ಬಿದ್ದೆ. ಆದರೂ ಅಭ್ಯಾಸಬಲ, ಟಾರ್ಚ್ ವಿಡಿಯೋ ಕೇಳಿದೆ. ಉತ್ತರ ಬರಲಿಲ್ಲ.

ಉತ್ತರ ಬರದಿದ್ದರೇನು, ಆ ಊರಿನಲ್ಲಿ ನನ್ನವರಿದ್ದಾರಲ್ಲ. ಸುಧನ್ವನಿಗೆ ಲಿಂಕ್ ಕಳಿಸಿದೆ. ಯಾವಾಗಲೂ ತಕ್ಷಣ ಫೋನ್ ಮಾಡುವವನು ಅವತ್ತು ಸಂಜೆ ಮಾಡಿದ.

"ಇದೇ ಬೇಕಾ ನಿಂಗೆ? ಬೇರೆ ನೋಡೇ," ಅಂದ.

"ಇದೇ ಇಷ್ಟ ಆಗಿದೆ ಕಣೋ. ನಿಮ್ಮೂರಲ್ಲೇ ಇದೆ. ಒಂದ್ಸಲ ಹೋಗಿ ಕೈಯಲ್ಲಿ ಹಿಡಿದು ನೋಡ್ಕೊಂಡು ಬಾ. ಟಾರ್ಚ್ ಬಿಟ್ಟು ನೋಡು. ಬೂಷ್ಟಿದ್ರೆ ಬೇಡ."

"ಆಯ್ತು, ನೋಡ್ತೀನಿ."

ಆ ವಾರದಲ್ಲೇ ನೋಡಿ ಬಂದ. ಬಂದವನು ವರದಿ ಕೊಟ್ಟ ರೀತಿಯೇ ರೀತಿ. ಚಾಲೈ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮಂಡಿಯ ಮೇಲಿನ ಕೋಣೆಯಂತೆ. ಜೋಸೆಫ್ ಅಂತ ವಯಸ್ಸಾದವರಂತೆ. ಮಗ ದುಬೈಯಿಂದ ತಂದುಕೊಟ್ಟ ಕ್ಯಾಮೆರಾವಂತೆ, ಈಗ ಕೈ ನಡುಗುತ್ತದೆ ಎಂದು ಮಾರುತ್ತಿದ್ದಾರಂತೆ. ಟಾರ್ಚ್ ಬಿಟ್ಟೂ ನೋಡಿದನಂತೆ, ಬರೀ ಧೂಳಂತೆ. "ಪಾಪ, ನೋಡೋಕೆ ಕೊಡೋವಾಗ ಒಂದ್ಸಲ ಸವರಿ ಕೊಟ್ರು ಕಣೇ," ಅಂದ. ನನಗೆ ಕಣ್ಣು ತುಂಬಿ ಬಂತು. ದುಡ್ಡನ್ನು ಸುಧನ್ವನ ಖಾತೆಗೇ ಹಾಕಿದೆ, ಅವನೇ ಜೋಸೆಫರಿಗೆ ತಲುಪಿಸಿದೆ ಎಂದ.

ಮೀಟಿಂಗಿಗೆ ಕೊಚ್ಚಿಗೆ ಬಂದಾಗ ಕ್ಯಾಮೆರಾ ತಂದುಕೊಟ್ಟ. ನಮ್ಮ ಬ್ರಾಂಚಿನ ಕೆಳಗಿನ ಚಾಯಕ್ಕಡೆಯಲ್ಲಿ, ಅಂದರೆ ಟೀ ಅಂಗಡಿಯಲ್ಲಿ ಕೂತಿದ್ದೆವು. ಚೀಲ ಬಿಚ್ಚಿ ಲೆನ್ಸ್ ಕೈಗೆ ತೆಗೆದುಕೊಂಡೆ. ಫೋನಿನ ಟಾರ್ಚ್ ಹಾಕಲು ಬೆರಳು ಹೋಯಿತು, ನಿಂತಿತು. ಎದುರಿಗೆ ಸುಧನ್ವ ಬಾಳೆಹಣ್ಣಿನ ಪಳಂಪೊರಿ ತಿನ್ನುತ್ತಾ ಕೂತಿದ್ದಾನೆ. ಅಣ್ಣ ತಂದ ಸೀರೆಯನ್ನು ಅವನೆದುರಿಗೇ ಬೆಳಕಿಗೆ ಹಿಡಿದು ಯಾರಾದರೂ ತೂತು ಹುಡುಕುತ್ತಾರೆಯೇ? ನನಗೆ ದಾಕ್ಷಿಣ್ಯವಾಯಿತು. ಅವನು ಹೋದ ಮೇಲಾದರೂ ನೋಡಬಹುದಿತ್ತು. ಅವನು ನೋಡಿದ್ದಾನಲ್ಲ, ಇನ್ನೇನು ಎಂದು ಒಳಗಿಟ್ಟೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ. ನಾನು ಕಣ್ಣಾರೆಯೂ ಕಾಣಲಿಲ್ಲ.

ಆ ಕ್ಯಾಮೆರಾದಲ್ಲಿ ನಾನು ಮಾಡಿದ ಮೊದಲ ದೊಡ್ಡ ಕೆಲಸ ಕಾಶೀನಾಥರದು. ಅಂಬಲಮುಗಳ್‌ನ ರಿಫೈನರಿಯಲ್ಲಿ ಫಿಟ್ಟರ್ ಆಗಿದ್ದವರು, ಬೀದರ್ ಕಡೆಯವರು, ನನಗೆ ಸಂಘದಿಂದ ಪರಿಚಯ. ನಿವೃತ್ತಿಯ ದಿನ ಹೆಂಡತಿಯನ್ನು ಊರಿಂದ ಕರೆಸಿದ್ದರು. ಆ ತಾಯಿ ಗಂಡ ದುಡಿಯುವ ಜಾಗವನ್ನು ನೋಡಿದ್ದು ಅದೇ ಮೊದಲು. ಒಳಗೆ ಬಿಡುವುದಿಲ್ಲ, ಗೇಟಿನ ಹೊರಗೆ ಇಬ್ಬರನ್ನೂ ನಿಲ್ಲಿಸಿದೆ.

"ಹಿಂದ ಆ ಚಿಮಣಿ ಕಾಣಬೇಕ್ರೀ ಮೇಡಮ್. ನಾ ಅಲ್ಲೇ ಕೆಲಸ ಮಾಡೀನಿ," ಅಂದರು ಕಾಶೀನಾಥ.

ಚಿಮಣಿಯ ಹಿಂದೆ ಸಂಜೆಯ ಸೂರ್ಯನಿದ್ದ. ಅವರು ಹೆಂಡತಿಯ ಹೆಗಲ ಮೇಲೆ ಕೈಯಿಟ್ಟರು, ಆಕೆ ನಾಚಿ ಸೆರಗು ಎಳೆದುಕೊಂಡರು. ಅಂಥ ಮುಖಗಳು ಮತ್ತೆ ಸಿಗುವುದಿಲ್ಲ ಎಂದುಕೊಂಡೇ ತೆಗೆದೆ. ಮರುದಿನ ಅವರು ಸಾಮಾನು ಕಟ್ಟಿಕೊಂಡು ಬೀದರ್‌ಗೆ ಹೊರಟುಹೋದರು.

ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಚಿಮಣಿಯೂ ಇಲ್ಲ, ಮುಖವೂ ಇಲ್ಲ. ಎಲ್ಲದರ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ. ಸೂರ್ಯನಿಗೆ ಎದುರಾಗಿ ತೆಗೆದ ಒಂದೂ ಬಂದಿರಲಿಲ್ಲ. ಅವತ್ತು ಟಾರ್ಚ್ ಹಾಕಿದೆ. ಗಾಜಿನೊಳಗೆ ಅಂಚಿನಿಂದ ನಡುವಿನವರೆಗೆ ಬೂಷ್ಟು ಬೇರು ಬಿಟ್ಟಿತ್ತು. ರಿಪೇರಿಯವರಿಗೆ ತೋರಿಸಿದೆ. ಇದನ್ನು ಯಾರೋ ಹಿಂದೆ ಒಮ್ಮೆ ಬಿಚ್ಚಿಸಿ ಒರೆಸಿದ್ದಾರೆ, ಆಗಲೇ ಬೂಷ್ಟು ಗಾಜನ್ನು ತಿಂದುಹಾಕಿತ್ತು, ಈಗ ಮಾಡಲು ಏನೂ ಇಲ್ಲ ಎಂದರು. ಅಂದರೆ ಮಾರಿದವರಿಗೆ ಗೊತ್ತಿತ್ತು. ಗೊತ್ತಿದ್ದೇ ಧೂಳು ಎಂದು ಬರೆದಿದ್ದರು.

ಕಾಶೀನಾಥರಿಗೆ ಫೋನ್ ಮಾಡಿ ಫೋಟೋ ಒಂದೂ ಬಂದಿಲ್ಲ ಎಂದು ಹೇಳಿದೆ. "ಇರಲಿ ಬಿಡ್ರೀ ಮೇಡಮ್, ನೀವೇನ್ ಬೇಕಂತ ಮಾಡೀರೇನು?" ಅಂದರು. ಅದೇ ನನ್ನನ್ನು ಇನ್ನಷ್ಟು ಸುಟ್ಟಿತು.

ಸುಧನ್ವನ ಮೇಲೆ ನನಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. "ನಿನ್ನ ಕಣ್ಣಿಗೂ ಮಣ್ಣೆರಚಿದಾನೆ ಕಣೋ ಆ ಮುದುಕ," ಎಂದು ಅವನ ಹತ್ತಿರವೇ ಕೂಗಾಡಿದೆ.

"ಬಿಡೇ, ವಯಸ್ಸಾದವ್ರು, ಅವ್ರಿಗೂ ಗೊತ್ತಿರ್ಲಿಕ್ಕಿಲ್ಲ. ಈಗ ಮಗನ ಹತ್ರ ದುಬೈಗೆ ಹೋಗ್ಬಿಟ್ಟಿದಾರೆ," ಅಂದ.

ಕಾಣದ ಆ ಜೋಸೆಫರಿಗೆ, ಅವರ ಮಗನಿಗೆ, ಆ ಕಾಣದ ಮನೆತನಕ್ಕೆಲ್ಲ ಬೆಳಿಗ್ಗೆ ಸಂಜೆ ಹಿಡಿಶಾಪ ಹಾಕಿದೆ. ಆ್ಯಪ್‌ನಲ್ಲಿ ಮೆಸೇಜ್ ಮೇಲೆ ಮೆಸೇಜ್ ಕಳಿಸಿದೆ. ಒಂದಕ್ಕೂ ಉತ್ತರವಿಲ್ಲ.

ಕಳೆದ ತಿಂಗಳು ತರಬೇತಿಗೆಂದು ತಿರುವನಂತಪುರಕ್ಕೆ ಹೋಗುವ ಅವಕಾಶ ಬಂತು. ಕ್ಯಾಮೆರಾವನ್ನು ಚೀಲಕ್ಕೆ ತುರುಕಿದೆ. ತರಬೇತಿ ಮಧ್ಯಾಹ್ನಕ್ಕೇ ಮುಗಿಯಿತು, ನೇರ ಚಾಲೈಗೆ ಹೋದೆ. ಜೋಸೆಫ್ ದುಬೈಗೆ ಹೋಗಿದ್ದರೆ ಪಕ್ಕದವರಾದರೂ ಇರುತ್ತಾರಲ್ಲ, ನಂಬರ್ ಇಸಿದುಕೊಂಡು ನಾಲ್ಕು ಮಾತು ಬೈಯದೆ ನನಗೆ ಊಟ ಸೇರುವುದಿಲ್ಲ. ಕೈಗಾಡಿ, ಮೂಟೆ, ತಲೆಹೊರೆಯವರ ನಡುವೆ ನುಗ್ಗಿ ಒಂದೊಂದೇ ಈರುಳ್ಳಿ ಮಂಡಿ ಹತ್ತಿ ಇಳಿದೆ. ಕ್ಯಾಮೆರಾ ಮಾರುವ ಜೋಸೆಫ್ ಎಂದರೆ ಎಲ್ಲರೂ ನನ್ನ ಮುಖ ನೋಡುವವರೇ.

"ಚೇಚೀ, ಇವಿಡೆ ಉಳ್ಳಿಯುಂಡ್, ಜೋಸೆಫ್ ಇಲ್ಲ," ಅಂದ ಒಬ್ಬ ಮಂಡಿಯವನು. ಅಕ್ಕಾ, ಇಲ್ಲಿ ಈರುಳ್ಳಿ ಉಂಟು, ಜೋಸೆಫ್ ಇಲ್ಲ. ಅಲ್ಲಿದ್ದವರೆಲ್ಲ ನಕ್ಕರು.

ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಆಟೋ ಹತ್ತಿ ಸುಧನ್ವನ ಮನೆಗೆ ಹೋದೆ. ಹೋದ ವರ್ಷವೇ ಮನೆ ಬದಲಿಸಿದ್ದರು, ಆ ಮನೆಗೆ ನಾನು ಹೋಗಿರಲಿಲ್ಲ. ಎರಡನೇ ಶನಿವಾರ, ಅವನಿಗೆ ರಜೆ. ಬಾಗಿಲು ತೆರೆದ ನಿಶಾ ನನ್ನನ್ನು ತಬ್ಬಿಕೊಂಡಳು.

"ಹೇಳ್ದೆ ಕೇಳ್ದೆ ಬಂದ್ಬಿಟ್ಟಿದೀಯಲ್ಲೇ," ಎಂದು ಸುಧನ್ವ ಎದ್ದ. ಅವನು ನಗಲು ಸ್ವಲ್ಪ ತಡವಾಯಿತು. ಆಗ ನಾನದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಚಾಲೈಗೆ ಹೋಗಿದ್ದೆ. ಯಾವ ಮಂಡಿ ಮಾರಾಯಾ ಅದು? ಜೋಸೆಫ್ ಅನ್ನೋ ಹೆಸರೇ ಅಲ್ಲಿ ಯಾರೂ ಕೇಳಿಲ್ಲ."

"ಒಳಗಿನ ಗಲ್ಲಿ ಅದು, ನಿಂಗೆ ಸಿಗಲ್ಲ. ಬಿಡು, ಮೊದ್ಲು ಕಾಫಿ ಕುಡಿ," ಅಂದ.

ನಿಶಾ ಕಾಫಿ ತರಲು ಹೋದಳು. ನಾನು ಚೀಲ ಕಾಲಬಳಿ ಇಟ್ಟುಕೊಂಡು ಕೂತೆ. ಮೋಡ ಸರಿದಿರಬೇಕು, ಕಿಟಕಿಯಿಂದ ಬಿಸಿಲು ಒಳಗೆ ಬಿತ್ತು. ಕೆಂಪು ಕಾವಿ ನೆಲ. ನೆಲದ ಮೇಲೆ ಎರಡು ನವಿಲು. ಒಂದಕ್ಕೆ ಕೊಕ್ಕಿರಲಿಲ್ಲ.

ನಾನು ತಲೆಯೆತ್ತಿ ಕಿಟಕಿ ನೋಡಿದೆ. ಕಂಬಿ ಮುರಿದಿತ್ತು. ಸುಧನ್ವ ಏನೋ ತರಬೇತಿಯ ಬಗ್ಗೆ ಕೇಳುತ್ತಿದ್ದ. ನನಗೆ ಕೇಳಿಸುತ್ತಿರಲಿಲ್ಲ. ಈ ಊರಿನಲ್ಲಿ ಇಂಥ ಕಿಟಕಿಗಳು ಎಷ್ಟಿಲ್ಲ, ಮುರಿದ ನವಿಲುಗಳು ಎಷ್ಟಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೇ ಆಗಿರಲಪ್ಪಾ ದೇವರೇ ಎಂದೂ ಬೇಡಿಕೊಂಡೆ. ದುಪಟ್ಟಾದ ಮರೆಯಲ್ಲಿ ಫೋನ್ ತೆಗೆದು ಅನಂತ ಕ್ಲಿಕ್ಸ್‌ಗೆ ಬರೆದೆ: ನಾನು ಟ್ರಿವ್ಯಾಂಡ್ರಮ್ಮಿಗೆ ಬಂದಿದ್ದೇನೆ, ಎಲ್ಲಿ ಸಿಗುತ್ತೀರಿ?

ಊಟದ ಮೇಜಿನ ಮೇಲಿದ್ದ ಸುಧನ್ವನ ಫೋನ್ ಟಣ್ ಎಂದಿತು.

ಕಾಫಿ ತಟ್ಟೆ ಇಡಲು ಬಂದ ನಿಶಾ ಅದನ್ನು ಕೈಗೆತ್ತಿಕೊಂಡಳು. ಆ್ಯಪ್‌ನಲ್ಲಿ ನನ್ನ ಹೆಸರು ಬರೀ ಕೆ. ಎಸ್. ಎಂದಿದೆ, ಅವಳಿಗೆ ಹೇಗೆ ಗೊತ್ತಾಗಬೇಕು. "ರೀ, ಆ ಕ್ಯಾಮೆರಾ ತಗೊಂಡೋರದ್ದು ಮತ್ತೆ ಮೆಸೇಜು. ಊರಿಗೇ ಬಂದ್ಬಿಟ್ಟಿದಾರಂತೆ," ಅಂದಳು. "ಉತ್ತರ ಕೊಡೋದೇ ಬೇಡ ಅಂದಿದ್ರಲ್ಲ. ಬ್ಲಾಕ್ ಮಾಡ್ಬಿಡ್ಲಾ?"

ಸುಧನ್ವ ನನ್ನ ಮುಖ ನೋಡಿದ. ನಾನು ಚೀಲದಿಂದ ಕ್ಯಾಮೆರಾ ತೆಗೆದು, ಎದ್ದು ಹೋಗಿ ನವಿಲಿನ ಪಕ್ಕ ನೆಲದ ಮೇಲಿಟ್ಟೆ. ಫೋಟೋದಲ್ಲಿ ಇದ್ದ ಜಾಗದಲ್ಲೇ ಇಟ್ಟೆ.

"ಇದು ನಮ್ದಲ್ವೇನ್ರೀ?" ಅಂದಳು ನಿಶಾ. ಅವಳು ಫೋನನ್ನೂ ನನ್ನನ್ನೂ ನೋಡಿ ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ನಿಂಗೆ ಅಂತ ಹಾಕಿದ್ದಲ್ಲ ಕಣೇ," ಅಂದ ಸುಧನ್ವ. "ಯಾರೋ ತಗೋತಾರೆ ಅಂತ ಹಾಕ್ದೆ."

"ಯಾರೋ ಆಗಿದ್ರೆ ಪರವಾಗಿರ್ಲಿಲ್ವಾ?"

"ನೀನು ಲಿಂಕ್ ಕಳಿಸ್ದಾಗ ನಾಚ್ಕೆ ಆಯ್ತು. ನಂದೇ ಅಂದ್ರೆ, ಹಿಂಗೆ ಬರ್ದಿದೀಯಲ್ಲಾ ಅಂತ ಕೇಳ್ತೀಯ. ಬೇರೆ ನೋಡು ಅಂದೆ. ನೀನು ಕೇಳ್ಲಿಲ್ಲ."

"ಅದಕ್ಕೆ ಜೋಸೆಫ್‌ನ ಹುಟ್ಟಿಸ್ದೆ. ಅವನಿಗೊಬ್ಬ ಮಗನ್ನ ಕೊಟ್ಟೆ, ಮಗನ್ನ ದುಬೈಗೆ ಕಳಿಸ್ದೆ, ಮುದುಕನ ಕೈ ನಡುಗಿಸ್ದೆ. ನಾನು ಅದಕ್ಕೆ ಕಣ್ಣೀರೂ ಹಾಕ್ದೆ. ಇಷ್ಟೆಲ್ಲಾ ಮಾಡೋ ಬದಲು ಬೂಷ್ಟಿದೆ ಕಣೇ ಅನ್ನೋ ಒಂದು ಮಾತು ನಿನ್ನ ಬಾಯಲ್ಲಿ ಬರ್ಲಿಲ್ವಾ ಸುಧನ್ವ?"

"ತಪ್ಪಾಯ್ತು. ದುಡ್ಡು ಈಗ್ಲೇ ವಾಪಸ್ ಹಾಕ್ತೀನಿ," ಎಂದು ಅವನು ಫೋನಿಗೆ ಕೈಚಾಚಿದ.

ಅಲ್ಲಿಯವರೆಗೂ ನನಗೆ ಬರೀ ಸಿಟ್ಟಿತ್ತು. ಆ ಮಾತು ಕೇಳಿದ ಮೇಲೆ ಸಿಟ್ಟೂ ಸಾಲದಾಯಿತು. ನಾನು ಅವನನ್ನು ನೋಡಿಕೊಂಡು ಬಾ ಎಂದು ಕಳಿಸಿದ್ದೆ. ಈ ಇಡೀ ರಾಜ್ಯದಲ್ಲಿ ನನ್ನ ಕಣ್ಣಿನ ಬದಲು ಬೇರೆ ಯಾರ ಕಣ್ಣನ್ನಾದರೂ ನಂಬಿದ್ದರೆ ಅದು ಅವನದು. ಅವನು ಆ ಕಣ್ಣನ್ನೇ ಮಾರಿಕೊಂಡಿದ್ದ. ಈಗ ವಾಪಸ್ ಹಾಕುತ್ತಾನಂತೆ.

"ದುಡ್ಡನ್ನ ಜೋಸೆಫ್ ಹತ್ರಾನೇ ಇಸ್ಕೋತೀನಿ ಬಿಡು," ಅಂದೆ.

ಖಾಲಿ ಚೀಲ ಹೆಗಲಿಗೆ ಹಾಕಿಕೊಂಡೆ. ಕ್ಯಾಮೆರಾ ನೆಲದ ಮೇಲೇ ಇತ್ತು, ಕಾಫಿ ಆರಿತ್ತು. ನಿಶಾ ಒಳಗೆ ಓಡಿ ಕುಂಕುಮದ ಬಟ್ಟಲು ತಂದಳು. ಅವಳಿಗೆ ಬೇರೇನು ಮಾಡಬೇಕೆಂದು ತೋಚಿರಲಿಕ್ಕಿಲ್ಲ. ಅವಸರದಲ್ಲಿ ಇಟ್ಟ ಕುಂಕುಮ ನನ್ನ ಮೂಗಿನ ಮೇಲೆಲ್ಲ ಉದುರಿತು. ಅವಳ ತಪ್ಪಲ್ಲ, ಹಣೆಯೊಡ್ಡಿ ನಿಂತೆ.

"ಬರ್ತೀನಿ ಅನ್ನು ಕೋಕಿಲಾ," ಅಂದಳು ಸಣ್ಣ ದನಿಯಲ್ಲಿ.

ಸುಧನ್ವ ಬಾಗಿಲ ಹತ್ತಿರ ತಲೆತಗ್ಗಿಸಿ ನಿಂತಿದ್ದ. ನಾನು ಚಪ್ಪಲಿ ಮೆಟ್ಟಿಕೊಂಡೆ.

"ಹೋಗ್ತೀನಿ ನಿಶಾ," ಅಂದೆ.

ಈ ಸಲ ಮೆಟ್ಟಿಲಿಂದ ಯಾರೂ ವಾಪಸ್ ಕರೆಯಲಿಲ್ಲ.