ಎಂಟು ತತ್ತಿ

ಬ್ರಹ್ಮಪುರದ ಆ ಮನೆಯಲ್ಲಿ ದಿನದ ಪೇಪರು ಮೊದಲು ಸಿಗುತ್ತಿದ್ದುದು ಗಿಳಿಗಳಿಗೆ. ಅಂಗೈಯಷ್ಟೇ ಇದ್ದ ಎರಡು ಆಫ್ರಿಕಾದ ಗಿಳಿಗಳು. ಒಂದು ಹಸಿರು, ಇನ್ನೊಂದು ಅರಿಶಿನ. ಮುಖ ಮಾತ್ರ ಎರಡಕ್ಕೂ ಕೆಂಪು. ಪೇಪರಿನ ಅಂಚನ್ನು ಕಚ್ಚುತ್ತ ಕಚ್ಚುತ್ತ ದರ್ಜಿಯಂತೆ ಉದ್ದುದ್ದ ಪಟ್ಟಿ ಕತ್ತರಿಸಿ, ಬಾಲದ ಬುಡದ ಗರಿಗಳಲ್ಲಿ ಸಿಕ್ಕಿಸಿಕೊಂಡು ಗೂಡಿನ ಡಬ್ಬಿಗೆ ನುಗ್ಗುತ್ತಿದ್ದವು.

"ಊರಾಗ ಯಾರ್ ಸತ್ರು, ಯಾರ್ ಅದಾರ, ಒಂದೂ ತಿಳಿವಲ್ದು ನಂಗ," ಎಂದು ಆಯಿ ಶಿವಕಾಂತಮ್ಮ ತೂತುಬಿದ್ದ ಪೇಪರಿನಾಚೆಯಿಂದ ಮೊಮ್ಮಗಳನ್ನು ನೋಡಿದಳು.

ಸೃಷ್ಟಿಯ ಕಣ್ಣು ಡಬ್ಬಿಯ ಮೇಲಿತ್ತು. ಆಯಿಯ ಕಥೆಗಳಲ್ಲಿ ಗಿಳಿಯೆಂದರೆ ಒಬ್ಬ ರಾಜ, ಒಬ್ಬ ರಾಣಿ. ಅದಕ್ಕೇ ತಂದ ದಿನವೇ ಹಸಿರನ್ನು ರಾಜ, ಅರಿಶಿನವನ್ನು ರಾಣಿ ಎಂದು ಕರೆದಿದ್ದಳು. ಕಮಲಾಪುರದ ಸೋದರತ್ತೆ ಶಾರದಾಬಾಯಿಯ ಬಳಿ ಇದೇ ಜಾತಿಯ ಗಂಡೊಂದಿತ್ತು; ಎರಡು ಸಲ ಮರಿ ಬೆಳೆಸಿದ ಅಪ್ಪ. ಜೋಡಿ ಸತ್ತ ಮೇಲೆ ತನ್ನೆದೆಯ ಗರಿ ತಾನೇ ಕಿತ್ತುಕೊಳ್ಳುತ್ತಿತ್ತು. "ಮೊದಲನೇ ಮರಿ ನಿಮಗೇ ಅತ್ತಿ," ಎಂದು ಸೃಷ್ಟಿ ಮಾತು ಕೊಟ್ಟಿದ್ದಳು.

ಡಬ್ಬಿಯಲ್ಲಿ ಎಂಟು ಮೊಟ್ಟೆ. ಇಪ್ಪತ್ಮೂರು ದಿನಕ್ಕೆ ಒಡೆಯಬೇಕಾದವು ತಿಂಗಳಾದರೂ ತೆಪ್ಪಗಿದ್ದವು.

ತಡೆಯಲಾರದೆ ಸ್ಟೇಶನ್ ಬಜಾರಕ್ಕೆ ಹೋಗಿ, ಗಿಳಿ ಮಾರಿದ ಖಾಜಾನನ್ನು ಕೇಳಿದಳು.

"ಎಂಟಾ?" ಖಾಜಾ ಹುಬ್ಬೇರಿಸಿದ. "ಒಂದ್ ಹೆಣ್ಣು ನಾಕೋ ಐದೋ ಇಡ್ತದರೀ. ಪೇಪರ್ ಬಾಲದಾಗ ಯಾವ್ದು ಸಿಗಿಸ್ಕೊಂತದ?"

"ಎರಡೂ."

ಖಾಜಾ ನಕ್ಕುಬಿಟ್ಟ. "ಅರೇ, ಅದು ಹೆಣ್ಣಿನ ಕೆಲಸರೀ! ನಿಮ್ಮನ್ಯಾಗ ರಾಜಾನೇ ಇಲ್ಲ. ಇಬ್ರೂ ರಾಣಿ."

"ಜೋಡಿ ಅಂತ ನೀವೇ ಕೊಟ್ರಲ್ರೀ!"

"ಮಾಫ್ ಮಾಡ್ರಿ. ನಮ್ಮ ಕಡಿ ಹಸಿರು ಗಿಳಿ ಆದ್ರ ಗಂಡಿನ ಕೊರಳಾಗ ಗುಲಾಬಿ ಪಟ್ಟಿ ಮೂಡ್ತದ. ಇವುಕ್ಕ ಬಣ್ಣ ನೋಡಿ ಹೇಳಾಕ ಬರಂಗಿಲ್ಲ."

ಮನೆಗೆ ಬಂದು ಹೇಳಿದಾಗ ಆಯಿಗೆ ಇದರಲ್ಲಿ ಅಂಥ ಗೊಂದಲವೇನೂ ಕಾಣಲಿಲ್ಲ. "ಮರಿ ಯಾಕ ಕಾಯ್ತಿ? ಒಂದು ಹೆಣ್ಣು ಕಮಲಾಪುರಕ್ಕ ಕೊಡು."

"ಯಾವ್ದು ಕೊಡ್ಲಿ ಆಯಿ? ಒಂದ್ರ ಮ್ಯಾಲ ಒಂದು ತಲಿ ಇಟ್ಟು ಮಲಗ್ತಾವ."

ಆರಿಸಲಾಗದೆ ಸೃಷ್ಟಿ ಎರಡನ್ನೂ ಪಂಜರಸಮೇತ ಬಸ್ಸಿಗೆ ಹತ್ತಿಸಿದಳು. ಯಾವುದನ್ನು ಕೊಡಬೇಕೆಂದು ಆ ಗಂಡೇ ಹೇಳಲಿ ಎಂದುಕೊಂಡಳು.

ಕಮಲಾಪುರದ ಪಡಸಾಲೆಯಲ್ಲಿ ಶಾರದಾಬಾಯಿ ಎರಡು ಪಂಜರಗಳನ್ನು ಒಂದಕ್ಕೊಂದು ತಾಗಿಸಿಟ್ಟಳು. ಎದೆ ಬೋಳಾದ ಗಂಡು ಬಹಳ ಹೊತ್ತು ಮೂಲೆಯಲ್ಲೇ ಕೂತಿತ್ತು. ಆಮೇಲೆ ಒಂದೊಂದೇ ಹೆಜ್ಜೆ ಸರಿದು ಬಂದು, ತಲೆ ಕುಣಿಸಿ, ನುಂಗಿದ ಕಾಳನ್ನು ಕೊಕ್ಕಿಗೆ ತಂದುಕೊಂಡು ಸರಳುಗಳ ನಡುವೆ ಚಾಚಿತು. ಹಸಿರು ಗಿಳಿ ಮುಂದೆ ಬಂದು ಅದನ್ನು ತೆಗೆದುಕೊಂಡಿತು.

ಹಸಿರೇ ಆಯಿತು ಹಾಗಾದರೆ. ಸೃಷ್ಟಿ ಪಂಜರದ ಬಾಗಿಲಿಗೆ ಕೈ ಹಾಕಿದಳು.

ಅಷ್ಟರಲ್ಲಿ ಹಸಿರು ಗಿಳಿ ಹಿಂದಕ್ಕೆ ತಿರುಗಿ, ಆ ಕಾಳನ್ನು ಅರಿಶಿನ ಗಿಳಿಯ ಬಾಯಿಗಿಟ್ಟಿತು.

"ಅಯ್ಯ ಇದರ! ಅವ ಇದಕ್ಕ ಉಣಿಸಿದ್ರ ಇದು ಅದಕ್ಕ ಉಣಸ್ತದಲ್ಲಾ!" ಶಾರದಾಬಾಯಿ ಬಾಯಿಗೆ ಸೆರಗು ಹಚ್ಚಿ ನಕ್ಕಳು. "ಇವುನ್ನ ಅಗಲಿಸಿ ಆ ಪಾಪ ಯಾರ್ ಕಟ್ಕೋಬೇಕು? ಎರಡೂ ಬಿಟ್ಟು ಹೋಗವಾ. ಪಂಜರ ಹಿಂಗೇ ಹಚ್ಚಿ ಇಡ್ತೀನಿ."

 ಸೃಷ್ಟಿ ಚೀಲದಿಂದ ಕಾಳಿನ ಡಬ್ಬಿ ತೆಗೆದು ಅತ್ತೆಯ ಕೈಗಿಟ್ಟಳು.

"ಕಡೀ ಬಸ್ ಎಷ್ಟಕ್ಕದ ಅತ್ತಿ?"

"ಏಳಕ್ಕ."

"ಹಂಗಾರ ಏಳರ ತನಕ ಕುಂತು ನೋಡ್ತೀನಿ. ಈಗ ಅರಿಶಿಣದ್ದು ಏನ್ ಮಾಡ್ತದೋ!" ಎಂದು ಪಂಜರದೆದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.