ಒಂದು ಚಕ್ಕೆ ಕಡಿಮೆ

ಚಮಚದ ಸದ್ದು ನಿಂತಿದೆ, ಯಾವಾಗ ನಿಂತಿತು, ಈಗಷ್ಟೇ ಅಂಗಳದಲ್ಲಿ ಮಧುರಾ ತಟ್ಟೆಗೆ ಚಮಚ ಬಡಿಯುತ್ತಿದ್ದಳಲ್ಲ, ಆ ಸದ್ದಿನ ಮೇಲೆ ಒಂದು ಕಿವಿ ಇಟ್ಟುಕೊಂಡೇ ಪರಿಮಳಾ ಕಲ್ಲಿನ ಬಾಣದ ಮೊನೆಯ ಅಂಚನ್ನು ಒತ್ತಿ ಚಕ್ಕೆ ಎಬ್ಬಿಸುತ್ತಿದ್ದಳು — ತಲೆ ಎತ್ತಿದರೆ ಹತ್ತು ತಿಂಗಳ ಕೂಸು ತಟ್ಟೆಯ ಹತ್ತಿರ ಇಲ್ಲ, ತನ್ನ ಮೊಣಕಾಲ ಪಕ್ಕದಲ್ಲೇ ಇದೆ, ಚಕ್ಕೆಗಳು ಬೀಳಲೆಂದು ತಾನೇ ಹಾಸಿಕೊಂಡ ಗೋಣಿಚೀಲದ ಮೇಲೆ, ಬಾಯಿ ಮುಚ್ಚಿದೆ, ದವಡೆ ಆಡುತ್ತಿದೆ, ತುಟಿಯ ಮೂಲೆಯಲ್ಲಿ ಕೆಂಪು. ಬೆರಳು ಹಾಕಿದಳು, ನಾಲಿಗೆಯಡಿ, ಕೆನ್ನೆಯ ಒಳಗೆ, ಏನೂ ಸಿಗಲಿಲ್ಲ, ಸಿಗದಿರುವುದು ಒಳ್ಳೆಯದೋ ಕೆಟ್ಟದ್ದೋ, ಇಲ್ಲದ್ದರಿಂದ ಸಿಗಲಿಲ್ಲವೋ ಇಳಿದುಹೋದದ್ದರಿಂದ ಸಿಗಲಿಲ್ಲವೋ, ಬೆರಳ ತುದಿಗೆ ಎಂಜಲು, ಎಂಜಲಲ್ಲಿ ಒಂದು ಎಳೆ ರಕ್ತ. ಆಗಲೇ ತಾನು ಕೂಗಿರಬೇಕು, ಅತ್ತೆ ವಿನೋದಮ್ಮ ಕೈಯ ಹಿಟ್ಟು ಒರೆಸಿಕೊಳ್ಳದೆ ಓಡಿಬಂದು ಕೂಸನ್ನು ಎತ್ತಿಕೊಂಡರು, ಗಂಡ ಕಿಶೋರ ಚಪ್ಪಲಿ ಇಲ್ಲದೆ ದಾಸನಕೊಪ್ಪದ ಸರ್ಕಲ್ ಕಡೆ ಓಡಿದ, ದಾದಾಸಾಬರ ಟ್ರ್ಯಾಕ್ಸ್ ಗಾಡಿ ಕರೆತರಲು. ಎಂಥಾ ಓದಬೇ ತಾಯಿ ನಿಂದು, ಮಂದಿ ಮಗಳ ತಲಿಗೆ ಕುಂಚಿಗಿ ಹೊಲಿತಾರ, ನೀ ಬಾಣ ಮಾಡ್ಕೋತ ಕುಂತಿ, ಯಾರ್ ಮ್ಯಾಲೆ ದಂಡೆತ್ತಿ ಹೊಂಟೀ, ಅತ್ತೆ ಬೈದರು. ನಮ್ಮ ಹೈಸ್ಕೂಲಿನ ಮಕ್ಕಳಿಗೆ ತೋರಿಸೋಕ ಅತ್ತಿ, ಎಂದು ಹೇಳಬಹುದಿತ್ತು, ಅದನ್ನು ಹೇಳುವ ಹೊತ್ತೇ ಇದು? ಮೊಣಕಾಲೂರಿ ಚಕ್ಕೆಗಳನ್ನು ಆರಿಸತೊಡಗಿದಳು, ಗೋಣಿ ಕೊಡವಿದಳು, ಸೀರೆಯ ನೆರಿಗೆ ಕೊಡವಿದಳು, ಅಂಗಳದ ಸಗಣಿನೆಲವನ್ನು ಅಂಗೈಯಲ್ಲಿ ಸವರಿದಳು, ಮತ್ತೆ ಕೂತು ಒಂದೊಂದನ್ನೇ ಕಲ್ಲಿಗೆ ಕೂರಿಸಿದಳು, ಧಾರವಾಡದಲ್ಲಿ ಪುರಾತತ್ವ ಎಂ.ಎ. ಓದುವಾಗ ಕಲಿತದ್ದು, ಕೊನೆಗೆ ಬಿದ್ದದ್ದು ಮೊದಲು ಕೂರಬೇಕು, ಪ್ರತಿ ಚಕ್ಕೆಗೂ ಕಲ್ಲಿನಲ್ಲಿ ಅದರದೇ ಜಾಗವಿದೆ, ಇನ್ನೊಂದರ ಜಾಗದಲ್ಲಿ ಅದು ಕೂರುವುದಿಲ್ಲ. ಇದು ಕೂತಿತು, ಇದೂ ಕೂತಿತು, ಕೂತದ್ದು ಜಾರುತ್ತಿದೆ, ಈ ಬದಿಯಲ್ಲಿ ಇವತ್ತು ತೆಗೆದವೆಲ್ಲ ಬಂದವು — ನಡುವೆ ಒಂದರ ಜಾಗ ಖಾಲಿ ಉಳಿಯಿತು. ಉದ್ದಕ್ಕೆ, ಕಿರಿದಾಗಿ, ಮೀನಿನ ಪೊರೆಯಷ್ಟು ತೆಳ್ಳಗೆ. ಯಾವ ಚಕ್ಕೆಯದೆಂದು ಗೊತ್ತು. ಅದೇ.

ಅದೇ, ಏಕೆಂದರೆ ಅದೊಂದೇ ಸರಿಯಾಗಿ ಬಂದಿತ್ತು, ತಿಂಗಳುಗಟ್ಟಲೆ ಚಕ್ಕೆಗಳು ಅರ್ಧಕ್ಕೆ ಮುರಿದು ಬೆಣಚುಕಲ್ಲಿನ ನಡುವೆ ಗೂನು ಉಳಿಯುತ್ತಿತ್ತು, ದಪ್ಪ ಮೊನೆ, ಯಾವ ಬಾಣಕ್ಕೂ ಬಾರದ್ದು, ಇವತ್ತು ಅಂಚನ್ನು ಒರಟು ಕಲ್ಲಿಗೆ ಚೆನ್ನಾಗಿ ಉಜ್ಜಿ, ತಾಮ್ರದ ಮೊಳೆಯ ತುದಿ ಇಟ್ಟು, ಮೊದಲು ಒಳಕ್ಕೆ ಒತ್ತಿ ಆಮೇಲೆ ಕೆಳಕ್ಕೆ, ಭಾರವೆಲ್ಲ ಮಣಿಕಟ್ಟಿಗೆ ಬಂದು, ಚಕ್ಕೆ ನಡುಗೆರೆ ದಾಟಿ ಆಚೆ ಬದಿಯವರೆಗೂ ಜಾರಿಹೋದದ್ದು ಕೈಗೇ ತಿಳಿಯಿತು, ಗೂನು ಮಾಯ, ಕಲ್ಲು ತೆಳ್ಳಗಾಯಿತು, ಎಷ್ಟು ಸಂತೋಷವಾಗಿತ್ತೆಂದರೆ ಬಿದ್ದ ಚಕ್ಕೆಯನ್ನು ನೋಡಲೇ ಇಲ್ಲ, ಅದು ಕಲ್ಲಿನಲ್ಲಿ ಬಿಟ್ಟುಹೋದ ಗುರುತನ್ನೇ ತಿರುಗಿಸಿ ತಿರುಗಿಸಿ ನೋಡುತ್ತ ಕೂತಳು. ದಪ್ಪ ಚಕ್ಕೆಯಾಗಿದ್ದರೆ ಕೂಸು ಉಗುಳುತ್ತಿತ್ತು. ಇದು ಬ್ಲೇಡಿಗಿಂತ ತೆಳು, ನಾಲಿಗೆಗೆ ಗೊತ್ತೇ ಆಗದೆ ಇಳಿಯುವಷ್ಟು, ಕರುಳು ಎಂಬುದು ಒದ್ದೆ ಕಾಗದದ ಹಾಗಿರುತ್ತದಂತೆ ಎಳೆಮಕ್ಕಳಲ್ಲಿ, ಯಾರು ಹೇಳಿದ್ದು, ಯಾಕೆ ಈಗ ನೆನಪಾಗಬೇಕು. ಬಾಳೆಹಣ್ಣು ಕಿವುಚಿ ತಿನಸ್ತೀನಿ, ಏನಿದ್ರೂ ಸುತ್ಕೊಂಡು ಹೊಂಟ್ಹೋಗ್ತತಿ, ಅತ್ತೆ ಗೊನೆಯ ಕಡೆ ಹೋದರು, ಬ್ಯಾಡ ಅತ್ತಿ, ಏನೂ ಕೊಡಬ್ಯಾಡ್ರಿ, ಎಂದದ್ದು ಅರಚಿದ ಹಾಗಾಯಿತು, ಕೂಸು ಬೆಚ್ಚಿ ಅಳಲು ಬಾಯಿ ತೆರೆಯಿತು, ಕೆಳಗಿನ ಒಸಡಿನಲ್ಲಿ ಬಿಳಿ, ಹೊಳೆಯುವ ಬಿಳಿ, ಬೆರಳು ಅಲ್ಲಿಗೆ ಹೋಯಿತು, ಅಲುಗಲಿಲ್ಲ, ಕೀಳಲೇ ಬೇಡವೇ — ಬಿಡಬೇ, ಹಲ್ಲದು! ಅತ್ತೆ ನಕ್ಕೇಬಿಟ್ಟರು, ಹಲ್ಲು ಒಡದೈತಿ, ಅದಕ್ಕ ರಕ್ತ, ಕೂಸು ಮೊದಲ್ನೇ ಹಲ್ಲು ತಂದ್ರ ಇಕಿ ಊರೆಲ್ಲಾ ಎಬ್ಬಿಸ್ಯಾಳ. ಬೇಲಿಯಾಚೆ ಟ್ರ್ಯಾಕ್ಸ್ ನಿಂತಿತು, ಕಿಶೋರ ಬಗ್ಗಿ ನೋಡಿ, ಹಣೆ ಒರೆಸಿಕೊಂಡು ತಾನೂ ನಕ್ಕ, ಜೀವಾನ ಬಾಯಿಗೆ ತರಿಸಿದ್ಯಲ್ಲೇ, ಮತ್ತ ದಾದಾಸಾಬ್ರನ್ನ ವಾಪಸ್ ಕಳಸ್ಲೇನ?

ಎಲ್ಲರೂ ನಗುತ್ತಿದ್ದಾರೆ, ತನಗೂ ನಗಬೇಕೆನಿಸುತ್ತದೆ, ನಕ್ಕರೆ ಮುಗಿಯಿತು, ಹಲ್ಲಿನ ಸಂಭ್ರಮಕ್ಕೆ ಕಡಲೆ ಬೆಲ್ಲ ಹಂಚಬಹುದು, ಆದರೆ ರಕ್ತಕ್ಕೆ ಕಾರಣ ಸಿಕ್ಕಿತು, ಚಕ್ಕೆ ಸಿಗಲಿಲ್ಲ, ಇದನ್ನು ಇವರಿಗೆ ಹೇಗೆ ಹೇಳುವುದು, ಕಲ್ಲು ತೋರಿಸಿದರೆ ಕಲ್ಲು ಕಾಣುತ್ತದೆ ಅಷ್ಟೆ. ಕಳಸಬ್ಯಾಡ, ಎಂದಳು, ಕೂಸನ್ನು ಅತ್ತೆಯ ಕಂಕುಳಿಂದ ತೆಗೆದುಕೊಂಡು ನಡೆದೇಬಿಟ್ಟಳು, ಹಿಂದೆ ಅತ್ತೆಯ ಗೊಣಗು, ಕಿಶೋರನ ನಿಟ್ಟುಸಿರು, ಬರ್ರಿ ಅಕ್ಕಾರ, ಗಟ್ಟಿ ಹಿಡಕೊಂಡು ಕುಂಡ್ರಿ, ಶಿರಸಿ ಅನ್ನೂದ್ರೊಳಗ ದವಾಖಾನಿ ಮುಂದ ಇಳಸ್ತೀನಿ, ಎಂದ ದಾದಾಸಾಬರು ಒಬ್ಬರೇ ನಗಲಿಲ್ಲ. ರಸ್ತೆ ಕುಲುಕುತ್ತದೆ, ಪ್ರತಿ ಕುಲುಕಿಗೂ ಕೂಸಿನ ಒಳಗೆಲ್ಲೋ ಆ ಚಕ್ಕೆ ತಿರುಗುತ್ತಿರಬಹುದು, ನಿಧಾನ ಎನ್ನಬೇಕು, ಬೇಗ ಎನ್ನಬೇಕು, ಮಧುರಾ ಅಳು ನಿಲ್ಲಿಸಿ ಕಣ್ಣರಳಿಸಿ ಕಿಟಕಿ ನೋಡುತ್ತಿದ್ದಾಳೆ, ಯಾಕೆ ಅಳುತ್ತಿಲ್ಲ, ನೋವಿದ್ದರೆ ಅಳಬೇಕಲ್ಲ, ಅತ್ತರೆ ಅದೂ ಭಯ. ಕೂಸಿನ ಎಳೆಗಂಟಲು ಒಮ್ಮೆ ಮೇಲೆದ್ದು ಇಳಿಯಿತು, ಬರೀ ಎಂಜಲು, ಎಂಜಲೇ ಇರಬೇಕು, ಮತ್ತೆ ಇಳಿಯಿತು, ಆ ಚರ್ಮದ ಹಿಂದೆ ಆ ಚಕ್ಕೆ — ಬಿಳಿ, ಪೊರೆಯಷ್ಟು ತೆಳು, ಎರಡೂ ಕಡೆ ಹರಿತ ಅಂಚು — ಮತ್ತೆ ಇಳಿಯಿತು, ಬಿಳಿ, ಎರಡೂ ಕಡೆ ಅಂಚು…